ಹನ್ನೊಂದನೆಯ ನೋಟುಬುಕ್ಕು

“ಇನ್ನೊಮ್ಮೆ ಓದು,” ಎಂದರು ಕೃಷ್ಣಾನಂದ ಮಾಸ್ತರರು.

ಇದು ಮೂರನೇ ಸಲ. ನನಗೆ ತಾಳ್ಮೆ ಕಡಿಮೆ ಎಂಬುದು ಕುಮಟೆಯ ಕೋರ್ಟಿನ ಜವಾನನಿಗೂ ಗೊತ್ತು. ಆದರೆ ಒಂದು ಕಾಲಕ್ಕೆ ನನ್ನ ಕಿವಿ ಹಿಂಡಿ ಇಂಗ್ಲಿಷು ಕಲಿಸಿದ ಮನುಷ್ಯ, ಈಗ ಕಣ್ಣಿಗೆ ಪೊರೆ ಬಂದು ಜಗುಲಿಯ ಮೇಲೆ ಕುಳಿತಿರುವಾಗ ಸಿಟ್ಟು ಮಾಡುವುದಾದರೂ ಹೇಗೆ? ಕಾಗದವನ್ನು ಬೆಳಕಿಗೆ ಹಿಡಿದು ಮತ್ತೆ ಓದಿದೆ.

ಪತ್ರ ಇಂಗ್ಲಿಷಿನಲ್ಲಿತ್ತು. ಅಚ್ಚಿನಂಥ ದೊಡ್ಡಕ್ಷರ. ಕೊನೆಯಲ್ಲಿ ‘ಹಿತೈಷಿ’ ಎಂದಷ್ಟೇ ಇತ್ತು, ಹೆಸರಿಲ್ಲ. ಅದರ ಎರಡು ಶಬ್ದಗಳನ್ನು ಇದ್ದ ಹಾಗೇ ಇಟ್ಟು ಉಳಿದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

‘ನಿಮ್ಮ ಅಣ್ಣನ ಮನೆಯಲ್ಲಿ ಭಾನುವಾರದಿಂದ ಯಾರ ಸುಳಿವೂ ಇಲ್ಲ. ಮೆಟ್ಟಿಲ ಬಳಿಯ ದೋಣಿ ಎಂಪ್ಟಿ. ನೀರಿನ ಹಂಡೆ ಎಂಪ್ಟಿ. ಅವರ ಮಂಚ ವೇಕಂಟ್. ಅವರ ಪೆಟ್ಟಿಗೆ ವೇಕಂಟ್. ಅವರ ನಸ್ಯದ ಡಬ್ಬಿ ವೇಕಂಟ್. ಕೂಡಲೇ ಹೊರಟು ಬನ್ನಿ.’

ಮಾಸ್ತರರು ಹೆಬ್ಬೆರಳಿನಿಂದ ಪಂಚೆಯ ಅಂಚನ್ನು ಉಜ್ಜುತ್ತ ಕುಳಿತರು.

ಹೊನ್ನಾವರ ಬಂದರದ ದೊಡ್ಡ ಮನೆಯ ವೆಂಕಟ್ರಮಣ ಶಾನಭಾಗನನ್ನು ಅವನ ಮನೆಯಾಳು ಜಟ್ಟಿ ಕೊಂದು ಹೊಳೆಗೆ ಎಸೆದ ಎಂದು ಪೊಲೀಸ್ ಫೌಜದಾರರು ತೀರ್ಮಾನಿಸಿ ಅಂದಿಗೆ ನಾಲ್ಕು ದಿನ. ನಾಳೆ ಹನ್ನೊಂದು ಗಂಟೆಗೆ ಜಟ್ಟಿಯನ್ನು ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸುತ್ತಾರೆ. ಅಲ್ಲಿಂದ ಕಾರವಾರ. ಅಲ್ಲಿಂದ ಮುಂದೆ ಏನು ಎಂಬುದನ್ನು ಅವನ ಹೆಂಡತಿ ಮಂಜಿಯ ಎದುರು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ಆದರೆ ಹೊನ್ನಾವರದಿಂದ ಕುಮಟೆಗೆ ನಡೆದು ಬಂದು ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತವಳು ಕುತ್ತಿಗೆಯನ್ನು ಮುಟ್ಟಿಕೊಂಡು ನೋಡಿಕೊಳ್ಳುತ್ತಿದ್ದಳು. ಗಂಡನ ಕುತ್ತಿಗೆಯ ಲೆಕ್ಕದಲ್ಲಿ.

“ಒಡೆಯಾ, ನಮ್ಗೆ ಗಂಡ್ಸ್ರು ಅಂತ ಯಾರೂ ಇಲ್ಲ. ಇದ್ದೊಬ್ಬ ತಮ್ಮ ಚೌಡ, ಅಂವನೂ ಭಟ್ಕಳಕ್ಕೆ ಬೋಟಿನ ಕೆಲಸಕ್ಕೆ ಹೋಗಾನೆ. ಅಂವಗೊಂದು ಸುದ್ದಿ ಮುಟ್ಸಿ,” ಎಂದಿದ್ದಳು. ಭಟ್ಕಳದ ಬಂದರಕ್ಕೆ ಕಾರ್ಡು ಹಾಕಿದ್ದೆ. ಉತ್ತರ ಬಂದಿರಲಿಲ್ಲ.

“ಹರಿಹರಾ,” ಎಂದರು ಮಾಸ್ತರರು, “ಈ ಪತ್ರ ನಿನಗೆ ಎಲ್ಲಿ ಸಿಕ್ಕಿತು?”

“ನಾನು ಜಟ್ಟಿಯ ವಕೀಲ. ಕಾಗದಪತ್ರದ ನಕಲು ಕೊಟ್ಟಿದ್ದಾರೆ. ವೆಂಕಟ್ರಮಣನ ತಮ್ಮ ಮುಂಬಯಿಯಲ್ಲಿದ್ದಾನಲ್ಲ, ಅವನಿಗೆ ಬಂದದ್ದು. ಇದನ್ನು ನೋಡಿಯೇ ಅವನು ಗಾಬರಿಯಾಗಿ ಹೊರಟು ಬಂದ.”

“ಟಪಾಲಿಗೆ ಬಿದ್ದದ್ದು ಯಾವತ್ತು?”

“ಹೊನ್ನಾವರದ ಮುದ್ರೆ ಇದೆ. ನವೆಂಬರ್ ಹದಿಮೂರು, ಸೋಮವಾರ.”

“ಹೆಣ ಸಿಕ್ಕಿದ್ದು?”

“ಹದಿನೇಳಕ್ಕೆ, ಶುಕ್ರವಾರ. ಶರಾವತಿಯ ಅಳಿವೆಯಲ್ಲಿ, ಮರಳ ದಿಬ್ಬಕ್ಕೆ ಬಂದು ತಾಗಿತ್ತು. ಕೈಗೆ ಕಟ್ಟಿದ ಹಗ್ಗ ಜಟ್ಟಿಯ ದೋಣಿಯದ್ದು. ವೆಂಕಟ್ರಮಣ ಭಾನುವಾರ ಮಧ್ಯಾಹ್ನ ಜಟ್ಟಿಯ ದೋಣಿಗೆ ಇಳಿದದ್ದನ್ನು ಬಂದರದವರು ಕಂಡಿದ್ದಾರೆ. ಎಲ್ಲಿಗೆ ಹೋದಿರಿ ಎಂದು ಕೇಳಿದರೆ ಜಟ್ಟಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದಾನೆ. ಅಷ್ಟು ಸಾಲದೇ ಫೌಜದಾರರಿಗೆ?”

“ನಿನಗೆ?”

“ಜಟ್ಟಿಗೆ ಕನ್ನಡದ ಅಕ್ಷರವೇ ಬಾರದು ಮಾಸ್ತರೇ. ಈ ಪತ್ರ ಬರೆದವ ಬೇರೆ ಯಾರೋ ಇದ್ದಾನೆ. ಕನ್ನಡದಲ್ಲಿ ಬರೆದರೆ ಕೈಬರಹ ಗುರುತು ಹತ್ತುತ್ತದೆ ಎಂದು ಇಂಗ್ಲಿಷಿನ ದೊಡ್ಡಕ್ಷರದ ಹಿಂದೆ ಅಡಗಿದ್ದಾನೆ. ಈ ಮೂರು ಊರುಗಳಲ್ಲಿ ಮೆಟ್ರಿಕ್ ಮುಟ್ಟಿದವರಲ್ಲಿ ಅರ್ಧದಷ್ಟು ಜನ ನಿಮ್ಮ ಕೈಕೆಳಗೆ ಕಲಿತವರು. ಇದು ಯಾರ ಇಂಗ್ಲಿಷು ಎಂದು ನಿಮಗೆ ಗೊತ್ತಾದೀತು ಅಂತ ಬಂದೆ.”

ಒಳಗಿನಿಂದ ಅವರ ತಂಗಿ ನರ್ಮದಕ್ಕ ಚಹಾ ತಂದಿಟ್ಟರು. ನಾನು ಎರಡು ಗುಟುಕಿಗೆ ಮುಗಿಸಿದೆ. ಮಾಸ್ತರರು ನನ್ನ ಲೋಟವನ್ನು ತಡವಿ ಹಿಡಿದು, ಬೋರಲು ಮಾಡಿ, ಜಗುಲಿಯ ಮೇಲೆ ಇಟ್ಟರು.

“ಈ ಲೋಟಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳ್ತೆ?”

ನಲವತ್ತು ವರ್ಷದ ವಕೀಲನಿಗೆ ಕೇಳುವ ಪ್ರಶ್ನೆಯೇ? “ಎಂಪ್ಟಿ,” ಎಂದೆ.

“ನಾನು ಇವತ್ತು ಸತ್ತೆ ಅಂತ ಇಟ್ಟುಕೊ. ನಾಳೆ ನನ್ನ ಲೋಟ ಹೀಗೇ ಇಲ್ಲಿದೆ. ಆಗ ಎಂತ ಹೇಳ್ತೆ?”

“ಯಾರು ಸತ್ತರೂ ಲೋಟ ಲೋಟವೇ ಅಲ್ಲವೇ? ಎಂಪ್ಟಿ.”

ಅವರು ದೀರ್ಘವಾಗಿ ಉಸಿರು ಬಿಟ್ಟರು. “ಹಾಗಾದರೆ ನೀನಲ್ಲ.”

ನನಗೆ ತಲೆ ಕೆಟ್ಟುಹೋಯಿತು. ಎದ್ದು ನಿಂತೆ. “ನಾನೇ ಬರೆದಿದ್ದೇನೆ ಅಂತ ನಿಮಗೆ ಅನುಮಾನ ಇತ್ತೇ?”

“ಇತ್ತು. ಮೊದಲ ಸಲ ಓದಿದಾಗಲೇ ಬಂತು. ಮೂರು ಸಲ ಓದಿಸಿದ್ದು ನಿನ್ನ ದನಿ ನಡುಗುತ್ತದೆಯೋ ಅಂತ ಕೇಳಲಿಕ್ಕೆ. ಕುಳಿತುಕೊ. ನೀನು ಮೂವತ್ತೆಂಟನೇ ಇಸವಿಯವ ಅಲ್ಲವಾ?”

ಮೂವತ್ತೆಂಟನೇ ಇಸವಿಯಲ್ಲಿ ನಾವು ಹನ್ನೊಂದು ಜನ ಮೆಟ್ರಿಕ್ಕಿನಲ್ಲಿದ್ದೆವು. ಕೃಷ್ಣಾನಂದ ಮಾಸ್ತರರಿಗೆ ಮೇಲಿನ ತರಗತಿ ಸಿಕ್ಕ ಮೊದಲ ವರ್ಷ ಅದು. ಅವರ ಪಾಠದಲ್ಲಿ ಒಂದು ಕ್ರಮವಿತ್ತು. ಒಂದೇ ಅರ್ಥ ಎಂದು ನಾವು ತಿಳಿದ ಎರಡೆರಡು ಶಬ್ದ ತೆಗೆದು, ಅವು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ನಮ್ಮೂರಿನ ವಸ್ತು ಹಿಡಿದು ಹೇಳಿ, ನೋಟುಬುಕ್ಕಿನಲ್ಲಿ ಬರೆಸುತ್ತಿದ್ದರು. ತೆಂಗಿನಮರಕ್ಕೆ ಟಾಲ್, ಯಾಣದ ಬಂಡೆಗೆ ಹೈ. ಅಘನಾಶಿನಿಯ ದಂಡೆಯಲ್ಲಿ ಒಬ್ಬಳೇ ಕುಳಿತು ಚಿಪ್ಪಿ ಹೆಕ್ಕುವವಳು ಅಲೋನ್. ಹೆಕ್ಕಿ ಮನೆಗೆ ಬಂದರೆ ಕರೆಯುವವರೇ ಇಲ್ಲ ಎಂದಾದರೆ ಅವಳು ಲೋನ್ಲಿ. ಇಂಗ್ಲಿಷಿನ ಪಾಠಕ್ಕೆ ಅತ್ತ ಹುಡುಗರು ಈ ಜಿಲ್ಲೆಯಲ್ಲಿ ನಾವೇ ಇರಬೇಕು.

“ಎಂಪ್ಟಿ, ವೇಕಂಟ್,” ಎಂದರು ಮಾಸ್ತರರು. “ನೆನಪಿದೆಯಾ, ಮೊದಲು ನಾನು ಏನು ಬರೆಸಿದೆ?”

ನೆನಪಿರಲಿಲ್ಲ. ಆದರೆ ಅವರು ಹೇಳತೊಡಗಿದಂತೆ ಒಂದೊಂದೇ ಮೇಲೆದ್ದು ಬಂತು.

ನೀರು, ಕಾಳು, ಸಾಮಾನು ತುಂಬುವ ವಸ್ತು ಬರಿದಾದರೆ ಎಂಪ್ಟಿ. ಮನುಷ್ಯರು ಕೂರುವ, ಇರುವ ಜಾಗ ತೆರವಾದರೆ ವೇಕಂಟ್. ಇದು ಸರಿಯಾದ ಪಾಠ. ಮಾಸ್ತರರು ಮೊದಲು ಬರೆಸಿದ್ದು ಇದಲ್ಲ. ಅವರು ಬರೆಸಿದ್ದು ಹೀಗೆ: ಯಜಮಾನ ತಿರುಗಿ ಬರುವವನಾದರೆ ಅವನ ವಸ್ತುವೆಲ್ಲ ಎಂಪ್ಟಿ. ಇನ್ನು ಬರುವುದೇ ಇಲ್ಲ ಎಂದಾದರೆ ಅವನ ಮಂಚ, ಅವನ ಕೊಡೆ, ಅವನ ಲೋಟ ಎಲ್ಲವೂ ವೇಕಂಟ್.

“ಆ ವರ್ಷ ಡ್ರಾಯಿಂಗ್ ಮಾಸ್ತರರು ತೀರಿಹೋದರು. ಅವರ ಜಾಗ ವೇಕಂಟ್ ಇದೆ ಅಂತ ಮೇಲಿನವರ ಕಾಗದ ಬಂತು. ನಾನು ಅದನ್ನೇ ಹಿಡಿದುಕೊಂಡೆ,” ಎಂದರು. ಮತ್ತೆ ದನಿ ತಗ್ಗಿಸಿ, “ಅದೊಂದೇ ಅಲ್ಲ. ಅದೇ ವರ್ಷ ಗಂಗಾ ಹೋದಳು. ನನ್ನ ಹೆಂಡತಿ. ಅವಳ ಮಂಚ ನೋಡಿದರೆ, ಅವಳ ಕುಂಕುಮದ ಕರಡಿಗೆ ನೋಡಿದರೆ, ಎಂಪ್ಟಿ ಅನ್ನಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ಮರುದಿನ ತರಗತಿಗೆ ಬಂದು ಬರೆಸಿಬಿಟ್ಟೆ,” ಎಂದರು.



ಎರಡು ತಿಂಗಳ ಮೇಲೆ ಧಾರವಾಡದಿಂದ ತಪಾಸಣೆಗೆ ಬಂದ ಸಾಹೇಬರು ನಮ್ಮ ನೋಟುಬುಕ್ಕು ತೆಗೆದು ನೋಡಿದರು. ‘ಹಿಸ್ ಅಂಬ್ರೆಲಾ ಈಸ್ ವೇಕಂಟ್’ ಎಂಬುದನ್ನು ಗಟ್ಟಿಯಾಗಿ ಓದಿ ನಕ್ಕರು. ತರಗತಿಯೂ ನಕ್ಕಿತು. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ? ಆದರೆ ಅದು ಪರೀಕ್ಷೆಯ ರಜೆಯ ಹಿಂದಿನ ದಿನ, ಅರ್ಧ ಜನ ಊರಿಗೆ ಹೋಗಿಯಾಗಿತ್ತು. ಕೃಷ್ಣಾನಂದ ಮಾಸ್ತರರು ಆಮೇಲೆ ಮಾಡಿದ್ದನ್ನು ಬೇರೆ ಯಾವ ಮಾಸ್ತರರೂ ಮಾಡಿದ್ದು ನಾನು ಕೇಳಿಲ್ಲ. ಕೆಂಪು ಶಾಯಿಯ ಕುಪ್ಪಿ ಜೇಬಿನಲ್ಲಿಟ್ಟುಕೊಂಡು ಹನ್ನೊಂದು ಹುಡುಗರ ಮನೆಗೂ ನಡೆದರು. ಬಿಸಿಲಿನಲ್ಲಿ ಬೆವರುತ್ತ ಕಾಗಾಲದ ನಮ್ಮ ಮನೆಗೂ ಬಂದರು. ನೋಟುಬುಕ್ಕು ತರಿಸಿ, ತಪ್ಪು ಪುಟಕ್ಕೆ ಅಡ್ಡ ಗೀಟು ಎಳೆದು, ಸರಿಯಾದದ್ದನ್ನು ನೂರು ಸಲ ಬರೆಸಿ, ತಾವೇ ಸಹಿ ಮಾಡಿ, ನನ್ನ ಅಪ್ಪಯ್ಯನ ಎದುರು ‘ತಪ್ಪು ನನ್ನದು’ ಎಂದು ಹೇಳಿ ಹೋದರು.

“ಈ ಪತ್ರ ಬರೆದವ,” ಎಂದರು ಮಾಸ್ತರರು, “ಹಂಡೆಗೆ, ದೋಣಿಗೆ ಎಂಪ್ಟಿ ಅಂತ ಬರೆದಿದ್ದಾನೆ. ಅವು ಜಟ್ಟಿ ಮುಟ್ಟುವ ವಸ್ತು. ಜಟ್ಟಿ ತಿರುಗಿ ಬರುತ್ತಾನೆ. ಆದರೆ ನಸ್ಯದ ಡಬ್ಬಿ ವೇಕಂಟ್ ಅಂತೆ. ಜಗತ್ತಿನಲ್ಲಿ ಯಾರು ಹರಿಹರಾ ನಸ್ಯದ ಡಬ್ಬಿಗೆ ವೇಕಂಟ್ ಅನ್ನುವವರು?”

ಪತ್ರ ಟಪಾಲಿಗೆ ಬಿದ್ದದ್ದು ಸೋಮವಾರ. ಹೆಣ ಸಿಕ್ಕಿದ್ದು ಶುಕ್ರವಾರ. ನಡುವಿನ ಆ ನಾಲ್ಕು ದಿನ ಊರಿಗೆ ಊರೇ ವೆಂಕಟ್ರಮಣ ಎಲ್ಲೋ ಹೋಗಿದ್ದಾನೆ, ಬರುತ್ತಾನೆ ಎಂದು ತಿಳಿದಿತ್ತು. ಈ ಹಿತೈಷಿಗೆ ಮಾತ್ರ ಅವನು ಬರುವುದಿಲ್ಲ ಎಂದು ಸೋಮವಾರವೇ ಗೊತ್ತಿತ್ತು.

“ಪಾಂಡು,” ಎಂದೆ. ಬಾಯಿಂದ ತಾನಾಗಿ ಬಂತು.

ಪಾಂಡು ನಮ್ಮ ತರಗತಿಯವನೇ. ಈಗ ಭಟ್ಕಳದಲ್ಲಿ ಮರದ ಮಿಲ್ಲು ಇಟ್ಟಿದ್ದಾನೆ. ಬಂದರದ ಆ ಮನೆಯ ಜಾಗ ತನ್ನದೆಂದು ವೆಂಕಟ್ರಮಣನ ಮೇಲೆ ಮೂರು ವರ್ಷದಿಂದ ದಾವೆ ಹೂಡಿದ್ದಾನೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರು ಇಬ್ಬರೂ. ಪಾಂಡುವೇ ಆಗಲಿ ಎಂದು ನನ್ನ ಮನಸ್ಸು ಹಾರೈಸಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ನನಗೂ ಅವನಿಗೂ ಅಷ್ಟಕ್ಕಷ್ಟೆ.

“ಪಾಂಡುವಿನ ಪುಟ ನಾನು ತಿದ್ದಿದ್ದೇನೆ,” ಎಂದರು ಮಾಸ್ತರರು. “ಹೊಳೆಯ ತಡಿ ದಾಟಿ, ಭಟ್ಕಳದ ತನಕ ಹೋಗಿ. ಅವನ ತಾಯಿ ಎಳನೀರು ಕೊಟ್ಟಳು. ನೂರು ಸಲ ಬರೆ ಅಂದರೆ ಅಳುತ್ತ ಬರೆದ. ನೀನು ಹಳೆಯದನ್ನು ಮರೆತಂತೆ ಅವನೂ ಮರೆತಿರುತ್ತಾನೆ. ನೂರು ಸಲ ಬರೆದದ್ದು ಕೈಗೆ ಹತ್ತಿರುತ್ತದೆ.”

“ಹಾಗಾದರೆ ತಿದ್ದದೆ ಉಳಿದವ ಯಾರಾದರೂ ಇದ್ದಾನೆಯೇ?”

ಮಾಸ್ತರರು ಬೋರಲು ಲೋಟವನ್ನು ಮತ್ತೆ ತಡವಿದರು.

“ಮಾಸ್ತರೇ, ಒಬ್ಬ ಉಳಿದಿದ್ದಾನೆ ಅಲ್ಲವೇ?”

“ಚಹಾ ಇನ್ನೊಂದು ಲೋಟ ಕುಡಿ,” ಎಂದರು.

ಆಗ ನನಗೆ ಅವರ ಮೇಲೇ ಅನುಮಾನ ಬಂತು. ಈ ಮನುಷ್ಯ ಯಾರನ್ನೋ ಕಾಪಾಡುತ್ತಿದ್ದಾರೆ. ಹೆಸರು ನಾಲಗೆಯ ಮೇಲಿದೆ, ನುಂಗುತ್ತಿದ್ದಾರೆ.

“ಹೆಸರು ಹೇಳಿ.”

“ಹೇಳಿದರೆ ಎಂತ ಮಾಡ್ತೆ?”

“ನಾಳೆ ಕೋರ್ಟಿನಲ್ಲಿ ಅರ್ಜಿ ಕೊಡುತ್ತೇನೆ. ನಿಮ್ಮನ್ನು ಸಾಕ್ಷಿಗೆ ಕರೆಸುತ್ತೇನೆ.”

“ಅದೇ,” ಎಂದರು. ಮುಖ ಕೆಂಪಾಯಿತು. “ಕಟಕಟೆಯಲ್ಲಿ ನಿಂತು ನಾನು ಎಂತ ಹೇಳಬೇಕು? ಹುಡುಗರಿಗೆ ತಪ್ಪು ಕಲಿಸಿದೆ ಅಂತಲಾ? ಯಾಕೆ ಕಲಿಸಿದೆ ಅಂತ ನಿನ್ನ ಎದುರು ಪಾರ್ಟಿ ವಕೀಲ ಕೇಳುತ್ತಾನೆ. ಗಂಗಾನ ಮಂಚದ ಕತೆಯನ್ನು ಹತ್ತು ಜನರ ಎದುರು ಹೇಳಬೇಕು. ಅವರು ನಗಬೇಕು. ಒಮ್ಮೆ ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ನೀನೂ ನಕ್ಕಿದ್ದೆ.”

ಅವರಿಗೆ ಅದು ಗೊತ್ತಿತ್ತು. ಇಪ್ಪತ್ತಮೂರು ವರ್ಷ ಅವರು ಆ ಮಾತು ಎತ್ತಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ನಾಚಿಕೆಪಟ್ಟು ಕೂರಲು ಪುರುಸೊತ್ತಿರಲಿಲ್ಲ.

“ನಕ್ಕಿದ್ದೆ. ತಪ್ಪಾಯಿತು,” ಎಂದೆ. “ಆದರೆ ನೀವು ಬಿಸಿಲಿನಲ್ಲಿ ಕಾಗಾಲಕ್ಕೆ ನಡೆದು ಬಂದಿರಿ. ತಪ್ಪು ನನ್ನದು ಎಂದು ಅಪ್ಪಯ್ಯನ ಎದುರು ಹೇಳಿದಿರಿ. ಅಂದು ಹೇಳಿದವರಿಗೆ ಇಂದು ಏನಾಯಿತು? ಅಂದು ನಿಂತಿದ್ದದ್ದು ಒಂದು ಪುಟದ ಮಾತು. ಇಂದು ಒಬ್ಬನ ಕುತ್ತಿಗೆ. ಜಟ್ಟಿಗೆ ಇಂಗ್ಲಿಷು ಬಾರದು ಮಾಸ್ತರೇ, ಅವನು ನಿಮ್ಮ ಹತ್ತಿರ ಒಂದಕ್ಷರವನ್ನೂ ಕಲಿಯಲಿಲ್ಲ. ನಿಮ್ಮ ತಪ್ಪಿಗೂ ಅವನಿಗೂ ಏನು ಸಂಬಂಧ?”

ಬಾಗಿಲಲ್ಲಿ ನಿಂತಿದ್ದ ನರ್ಮದಕ್ಕ ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು. ಮಾಸ್ತರರು ಕೊಂಕಣಿಯಲ್ಲಿ ಬೇಡ ಎಂದು ಗದರಿದರು. ಅವರು ಕೇಳಲಿಲ್ಲ. ರಟ್ಟು ಹರಿದ ಒಂದು ನೋಟುಬುಕ್ಕನ್ನು ತಂದು ಅಣ್ಣನ ಕೈಗೆ ಕೊಡದೆ ನೇರವಾಗಿ ನನ್ನ ತೊಡೆಯ ಮೇಲೆ ಇಟ್ಟರು.

“ಪ್ರತಿ ವರ್ಷ ಇದನ್ನು ಬಿಸಿಲಿಗೆ ಹಾಕ್ತಾನೆ,” ಎಂದರು. “ಒಂದು ಗುರುತು ಬಾಕಿ ಅಂತ ಹಲುಬ್ತಾನೆ. ಓದಿ ಮುಗ್ಸು ವಕೀಲಾ, ಇಂವಂಗೂ ನಿದ್ದೆ ಬರ್ಲಿ.”

ಹನ್ನೊಂದು ಹೆಸರು, ಒಂದರ ಕೆಳಗೊಂದು. ಪ್ರತಿ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದು ತಾರೀಕು, ಒಂದು ಗುರುತು. ನನ್ನ ಹೆಸರಿನ ಮುಂದೆ ಇತ್ತು. ಪಾಂಡುವಿನ ಮುಂದೆ ಇತ್ತು. ಬೆರಳಿಟ್ಟು ಕೆಳಗಿಳಿಯುತ್ತ ಹೋದೆ. ಎಂಟು, ಒಂಬತ್ತು, ಹತ್ತು. ಎಲ್ಲಕ್ಕೂ ಕೆಂಪು.

ಹನ್ನೊಂದನೆಯದಕ್ಕೆ ಇರಲಿಲ್ಲ.

ಆ ಹೆಸರನ್ನು ನಾನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ.

ವೆಂಕಟ್ರಮಣ ಶಾನಭಾಗ, ಹೊನ್ನಾವರ. ಅವನೂ ನಮ್ಮ ಹನ್ನೊಂದರಲ್ಲಿ ಒಬ್ಬ; ಸತ್ತವನೆಂದು ಅವನನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ನಾನು ಅವನ ಮನೆಗೆ ಹೋದೆ,” ಎಂದರು ಮಾಸ್ತರರು, ನನ್ನ ಮೌನ ಕೇಳಿಸಿಕೊಂಡು. “ಸೋದರಮಾವನ ಮನೆಗೆ ಭಟ್ಕಳಕ್ಕೆ ಹೋಗಿದ್ದಾನೆ ಅಂದರು. ಅಲ್ಲಿಗೂ ಹೋದೆ. ಹಿಂದಿನ ದಿನವೇ ಹಡಗು ಹತ್ತಿ ಮುಂಬಯಿಗೆ ಹೋಗಿದ್ದ. ಕಾರ್ಡು ಬರೆದೆ, ತಿರುಗಿ ಬಂತು. ನಾಲ್ಕು ವರ್ಷದ ಹಿಂದೆ ದೊಡ್ಡ ಮನುಷ್ಯನಾಗಿ ಊರಿಗೆ ಬಂದ. ಅಷ್ಟು ದೊಡ್ಡವನ ಬಾಗಿಲಿಗೆ ಹೋಗಿ, ಮಗೂ ನಿನ್ನ ಹಳೇ ನೋಟುಬುಕ್ಕು ತೆಗೆ ಅನ್ನಲಿಕ್ಕೆ ನನಗೆ ನಾಚಿಕೆಯಾಯಿತು.”

“ಮಾಸ್ತರೇ, ಹಾಗಾದರೆ ಸೋಮವಾರ ಪತ್ರ ಬರೆದವನು...”

“ಸತ್ತವನು,” ಎಂದರು ಅವರು. “ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇದ್ದದ್ದು ಅದೊಂದೇ ಹೆಸರು. ಹೇಳಿದರೆ ಮುದುಕನಿಗೆ ಅರಳುಮರಳು ಅನ್ನುತ್ತೆ ಅಂತಲೂ ಹೆದರಿದೆ.”

ಜೀವಕ್ಕೆ ಬೇಸರಪಟ್ಟು ತಾನೇ ಹೊಳೆಗೆ ಹಾರಿದನೇ ಎಂದು ಒಂದು ಕ್ಷಣ ಯೋಚಿಸಿದೆ. ಹಾರುವವ ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಹಗ್ಗದಿಂದ ಹೇಗೆ ಕಟ್ಟಿಕೊಂಡಾನು? ಇಲ್ಲ. ಭಾನುವಾರ ದೋಣಿ ಹತ್ತಿದವನು ಸೋಮವಾರ ಜೀವಂತ ಇದ್ದ, ಹೊನ್ನಾವರದಲ್ಲೇ ಎಲ್ಲೋ ಕುಳಿತು ಪತ್ರ ಬರೆದ. ತಾನು ಇನ್ನು ಆ ಮನೆಗೆ ಬರುವವನಲ್ಲ ಎಂದು ನಿಶ್ಚಯ ಮಾಡಿಕೊಂಡೇ ಬರೆದ. ಸಾಲವೋ ದಾವೆಯೋ, ಯಾಕೆ ಎಂಬುದು ಆಮೇಲಿನ ಮಾತು. ತಮ್ಮ ಬರಬೇಕು, ಹೆಣ ನೋಡಬೇಕು, ಅಣ್ಣ ಎಂದು ಹೇಳಬೇಕು. ಅದಕ್ಕೇ ಪತ್ರ. ತಮ್ಮ ಬಂದ. ನೀರಿನಲ್ಲಿ ದಿನಗಟ್ಟಲೆ ಇದ್ದ ಹೆಣಕ್ಕೆ ಮುಖವೆಂಬುದು ಉಳಿದಿರಲಿಲ್ಲ. ಅಂಗಿ ನೋಡಿದ, ಉಂಗುರ ನೋಡಿದ, ಅತ್ತ. ಅಂದೇ ಸುಟ್ಟರು. ಬೂದಿ ಗೋಕರ್ಣದ ಸಮುದ್ರಕ್ಕೆ ಹೋಯಿತು.

“ನಾಳೆ ಕಟಕಟೆಗೆ ಬರ್ತೆ,” ಎಂದರು ಮಾಸ್ತರರು, ನಾನು ಚಪ್ಪಲಿ ಹಾಕಿಕೊಳ್ಳುವಾಗ. “ನಗುವವರು ನಗಲಿ. ಕೈ ಹಿಡಿದು ಕರಕೊಂಡು ಹೋಗಲಿಕ್ಕೆ ಮಾತ್ರ ನೀನೇ ಬರಬೇಕು.”

ಬರುತ್ತೇನೆ ಎಂದು ಅವರ ಕಾಲು ಮುಟ್ಟಿದೆ. ಶಾಲೆ ಬಿಟ್ಟ ಮೇಲೆ ಮುಟ್ಟಿರಲಿಲ್ಲ.

*

ಹೊನ್ನಾವರದ ಬಸ್ಸು ಅಂದು ಹಂದಿಗೋಣದ ಏರಿನಲ್ಲಿ ಕೆಟ್ಟು ನಿಂತು ನನ್ನ ಸಿಟ್ಟನ್ನು ಪರೀಕ್ಷೆ ಮಾಡಿತು. ಡ್ರೈವರನಿಗೆ ಬಾಯಿಗೆ ಬಂದದ್ದು ಬೈದೆ. ಅವನು ಬೀಡಿ ಹಚ್ಚಿಕೊಂಡು ನನ್ನನ್ನೇ ನೋಡುತ್ತ ಕುಳಿತ. ಬೈದರೂ ಒಳಗೊಳಗೆ ನನಗೆ ಖುಷಿಯೇ. ಬದುಕಿರುವವನನ್ನು ಕೊಂದ ಎಂದು ಜಟ್ಟಿಯನ್ನು ಯಾವ ನ್ಯಾಯಾಧೀಶ ಗಲ್ಲಿಗೆ ಹಾಕುತ್ತಾನೆ? ಬಂದರಕ್ಕೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ.

ಬಂದರದ ಪೊಲೀಸು ಚೌಕಿ ಎಂದರೆ ಹಂಚಿನ ಎರಡು ಕೋಣೆ. ಒಂದರಲ್ಲಿ ಜಮಾದಾರ, ಇನ್ನೊಂದರಲ್ಲಿ ಸರಳಿನ ಹಿಂದೆ ಜಟ್ಟಿ. ಹೊರಗೆ ಮಂಜಿ ಗಂಜಿಯ ಪಾತ್ರೆ ಮಡಿಲಲ್ಲಿ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದಳು.

“ಬೆಳಗಿಂದ ಕೂತ್ಕಂಡಿ ಒಡೆಯಾ. ಗಂಜಿ ಒಳಗೆ ಕೊಡೂಕೆ ಬಿಡೂದಿಲ್ಲ ಅಂತ್ರು.”

ಜಮಾದಾರನಿಗೆ ಎರಡು ಮಾತು ಗಟ್ಟಿಯಾಗಿ ಹೇಳಿದ ಮೇಲೆ ಬಿಟ್ಟ. ಮಂಜಿ ನನ್ನ ಹಿಂದೆಯೇ ಬಂದು, ಸರಳಿನ ಕೆಳಗಿನ ಸಂದಿಯ ಎದುರು ಪಾತ್ರೆ ಇಟ್ಟು, ಸೆರಗಿನಿಂದ ಅದರ ಅಂಚು ಒರೆಸಿದಳು. ಒಂದು ಉಪ್ಪಿನಕಾಯಿಯ ಹೋಳು ಬಾಳೆಲೆಯ ಚೂರಿನಲ್ಲಿತ್ತು. ಜಟ್ಟಿ ಗೋಡೆಗೆ ಒರಗಿ ಕುಳಿತಿದ್ದ. ಹೆಂಡತಿಯ ಮುಖ ನೋಡಲಿಲ್ಲ.

ನಾನು ಪೀಠಿಕೆ ಹಾಕಲಿಲ್ಲ. “ಜಟ್ಟಿ, ನಿನ್ನ ಒಡೆಯರು ಬದುಕಿದ್ದಾರೆ. ಹೌದೋ ಅಲ್ಲವೋ?”

ನಾಲ್ಕು ದಿನದಲ್ಲಿ ಮೊದಲ ಸಲ ಅವನು ತಲೆಯೆತ್ತಿದ.

“ನಿಮ್ಗೆ ಯಾರು ಹೇಳ್ದ್ರು?”

“ಯಾರೋ ಹೇಳಿದರು. ಹೌದೋ ಅಲ್ಲವೋ?”

“ಎಂಟು ದಿನ ಬಾಯಿ ಬಿಡೂಕಾಗ ಅಂದಿದ್ರು ಒಡೆಯಾ. ಎಂತ ಆದ್ರೂ ಎಂಟನೇ ದಿನ ನಾ ಬತ್ತೆ, ನಿಂಗೆ ಎಂತಾ ಆಗೂಕೆ ಬಿಡೂದಿಲ್ಲ ಅಂದಿದ್ರು. ದೇವ್ರ ಮುಂದೆ ಆಣೆ ಹಾಕ್ಸ್ಕಂಡಿದ್ರು. ಇವತ್ತಿಗೆ ಹತ್ತು ದಿನ ಆತು.”

ಮಂಜಿ ಬಾಯಿಗೆ ಸೆರಗು ಒತ್ತಿ ಹಿಡಿದು ಅತ್ತಳು. ನಾಲ್ಕು ದಿನದ ಅಳು ಒಟ್ಟಿಗೆ ಬಂತು. ನನಗೂ ಕಣ್ಣು ಒದ್ದೆಯಾಯಿತು, ಬೇಕಾದರೆ ನಗಿ.

“ಆತು,” ಎಂದೆ ಅವಳಿಗೆ. “ಇನ್ನು ಹೆದರಬೇಡ. ನಾಳೆ ಇವನನ್ನು ಬಿಡಿಸಿ ತರುತ್ತೇನೆ.”

ಆಡಿದ ಮೇಲೆ ನನಗೆ ನಾನೇ ಒಂದು ಪ್ರಶ್ನೆ ಕೇಳಿಕೊಂಡೆ. ಬಸ್ಸಿನಲ್ಲಿ ಖುಷಿಯ ಭರದಲ್ಲಿ ಕೇಳಿಕೊಳ್ಳದೇ ಬಿಟ್ಟದ್ದು.

“ಮತ್ತೆ ಆ ಹೆಣ ಯಾರದ್ದೋ ಜಟ್ಟಿ?”

“ಯಾರದ್ದೋ. ಸಮುದ್ರದಿಂದ ಎಂತೆಂತದೋ ಬತ್ತದೆ.”

“ಸಮುದ್ರದಿಂದ ಬಂದ ಹೆಣಕ್ಕೆ ನಿನ್ನ ಒಡೆಯರ ಅಂಗಿ ಯಾರು ತೊಡಿಸಿದರು? ನಿನ್ನ ದೋಣಿಯ ಹಗ್ಗ ಯಾರು ಕಟ್ಟಿದರು?”

ಅವನು ಮತ್ತೆ ಗೋಡೆ ನೋಡತೊಡಗಿದ.

ಚೀಲದಿಂದ ಪಂಚನಾಮೆಯ ನಕಲು ತೆಗೆದೆ. ಮೂರು ದಿನದಲ್ಲಿ ಹತ್ತು ಸಲ ಓದಿದ್ದೆ. ಆದರೆ ಹೆಣ ವೆಂಕಟ್ರಮಣನದು ಎಂದುಕೊಂಡೇ ಓದಿದ್ದೆ. ಈಗ ಯಾರದ್ದೋ ಎಂದುಕೊಂಡು ಗಟ್ಟಿಯಾಗಿ ಓದಿದೆ. “ಗಂಡಸು. ವಯಸ್ಸು ಇಪ್ಪತ್ತೈದರಿಂದ ನಲವತ್ತೈದು. ಎತ್ತರ ಐದಡಿ ನಾಲ್ಕಂಗುಲ. ಎಡಗಾಲಿನ ಕಿರುಬೆರಳು ಇಲ್ಲ. ಹಳೆಯ ಗಾಯವೋ ಮೀನು ತಿಂದದ್ದೋ ಹೇಳಲಾಗದು.”

ಹಿಂದೆ ಮಂಜಿಯ ಅಳು ನಿಂತಿತು.

“ಎಂತ ಬೆರಳು ಅಂದ್ರಿ?”

“ಎಡಗಾಲಿನ ಕಿರುಬೆರಳು.”

“ನಮ್ ಚೌಡಂಗೂ ಇಲ್ಲ,” ಎಂದಳು. ಸಂತೆಯ ಮಾತು ಹೇಳಿದ ಹಾಗೆ ಹೇಳಿದಳು. “ಸಣ್ಣಾಗಿದ್ದಾಗ ನನ್ನ ಸಂಗ್ತಿಗೆ ಚಿಪ್ಪಿ ಹೆಕ್ಕೂಕೆ ಬಂದು ಕೊಯ್ಕಂಡ. ಕೊಳೆತು ಹೋತು. ನಾನೇ ಹೊತ್ಕಂಡು ಬಂದಿದ್ದೆ.”

ಅವಳು ಸರಳಿನ ಹತ್ತಿರ ಸರಿದಳು.

“ಅಂವ ಭಟ್ಕಳದಲ್ಲಿ ಅವ್ನೆ ಅಲ್ಲನ್ರಾ? ಭಾನುವಾರ ನೀವೇ ತಡಿ ದಾಟ್ಸಿ ಬಸ್ಸು ಹತ್ಸಿ ಬಂದೆ ಅಂದ್ರಲಾ?”

ಜಟ್ಟಿ ಕಾಲು ಹತ್ತಿರಕ್ಕೆ ಎಳೆದುಕೊಂಡ.

ನನ್ನ ಕಾರ್ಡಿಗೆ ಭಟ್ಕಳದಿಂದ ಉತ್ತರ ಬಾರದ್ದು ನೆನಪಾಯಿತು. ಕೈಯಲ್ಲಿದ್ದ ಕಾಗದ ಮಡಿಚಿ ಚೀಲಕ್ಕೆ ಹಾಕಿದೆ. ಒಂದು ಗಂಟೆಯ ಹಿಂದೆ ಇವನ ಕುತ್ತಿಗೆ ಉಳಿಸಿದೆ ಎಂದು ಖುಷಿಪಟ್ಟವ ನಾನು. ಈಗ ಕೇಳಬೇಕಾದದ್ದನ್ನು ಕೇಳಲು ನನಗೇ ನಾಲಗೆ ಏಳಲಿಲ್ಲ. ಆದರೂ ಕೇಳಿದೆ.

“ಜಟ್ಟಿ, ಭಾನುವಾರ ನಿನ್ನ ದೋಣಿಗೆ ನಿನ್ನ ಹೊರತು ಎಷ್ಟು ಜನ ಹತ್ತಿದರು?”

ಗೋಡೆ ನೋಡುತ್ತಲೇ ಹೇಳಿದ. “ಇಬ್ರು.”

“ಇಳಿದವರು?”

ಅವನು ಎರಡೂ ಅಂಗೈಯನ್ನು ಮೊಣಕಾಲಿನ ಮೇಲೆ ಮಗುಚಿ ಇಟ್ಟುಕೊಂಡು ಅವನ್ನೇ ನೋಡುತ್ತ ಕುಳಿತ.

ಮಂಜಿ ಬಗ್ಗಿದಳು. ಬೆಳಗಿನಿಂದ ಮಡಿಲಲ್ಲಿ ಇಟ್ಟುಕೊಂಡು ಕಾದಿದ್ದ ಗಂಜಿಯ ಪಾತ್ರೆಯನ್ನು ಸರಳಿನ ಎದುರಿನಿಂದ ತನ್ನ ಕಡೆಗೆ ಎಳೆದುಕೊಂಡಳು.